ಶಿವಮೊಗ್ಗದಲ್ಲಿ ಮೆಟಲ್ ಬ್ಯಾಂಡ್ ಕಟ್ಟಿದ್ದೇವೆ, ಸೌಂಡ್ ಇನ್ನೂ ನಮ್ಮದಾಗಿಲ್ಲ. ಏನು ಮಾಡೋಣ?

ತುಂಗಾತೀರದ ಗಿಟಾರ್
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಐದು ಜನ ಸೇರಿ ಹೆವಿ ಮೆಟಲ್ (ಗಡುಸು ಗಿಟಾರ್ ಸದ್ದಿನ ರಾಕ್ ಸಂಗೀತ) ಬ್ಯಾಂಡ್ ಕಟ್ಟಿದ್ದೇವೆ. ನಾನು ರಿದಮ್ ಗಿಟಾರ್. ಲೀಡ್ ಗಿಟಾರಿನವನು ಭದ್ರಾವತಿಯವನು, ಬೇಸ್ ತೀರ್ಥಹಳ್ಳಿಯವನು. ಡ್ರಮ್ಮರ್ ಸಾಗರದ ಕಡೆಯವನು, ಡೊಳ್ಳಿನ ತಂಡದಲ್ಲೇ ಬೆಳೆದವನು. ಹಾಡುವವಳು ಬಡಗುತಿಟ್ಟು ಯಕ್ಷಗಾನದ ಭಾಗವತಿಕೆ ಕಲಿತವಳು.

ಇಷ್ಟೆಲ್ಲ ಕೈಯಲ್ಲಿದ್ದೂ ಬಾರಿಸಿದ್ದನ್ನು ಕೇಳಿದರೆ ಬೇರೆ ಯಾವುದೋ ಊರಿನ ಬ್ಯಾಂಡ್ ಅನಿಸುತ್ತೆ. ಇಂಗ್ಲಿಷ್ ಹಾಡು ಬರೆದರೆ ನಕಲು ಅಂತಾರೆ. ಕನ್ನಡದಲ್ಲಿ ಬರೆದರೆ ಮೆಟಲ್‌ಗೆ ಕನ್ನಡ ಒಗ್ಗಲ್ಲ ಅಂತಾರೆ. ಒಂದು ಹಾಡಿನ ಮಧ್ಯೆ ಡೊಳ್ಳು ಸೇರಿಸಿದೆವು, ಜನಕ್ಕೆ ಖುಷಿಯಾಯ್ತು, ನನಗೆ ಆಗಲಿಲ್ಲ. ಮೇಲಿಂದ ಅಂಟಿಸಿದ ಹಾಗಿತ್ತು. ರೆಕಾರ್ಡಿಂಗ್ ಅಂತೂ ಪೂರ್ತಿ ಗಿಜಿಗಿಜಿ. ಗಿಟಾರ್‌ಗಳನ್ನು ಕೆಳಗಿನ ಬಿ ಸ್ವರಕ್ಕೆ ಇಳಿಸಿದ್ದೇವೆ. ಮಲೆನಾಡಿನ ಮೆಟಲ್ ಅಂದರೆ ಹೇಗಿರಬೇಕು, ಹೇಳಿ.

ಭದ್ರಾವತಿ ಹುಡುಗ
ಮೊದಲು ಶುಭಾಶಯ ಗುರು. ಮೆಟಲ್ ಹುಟ್ಟಿದ್ದೇ ಕಾರ್ಖಾನೆ ಊರಲ್ಲಿ, ಬರ್ಮಿಂಗ್‌ಹ್ಯಾಮ್‌ನಲ್ಲಿ. ಅಲ್ಲಿನ ಬ್ಲ್ಯಾಕ್ ಸಬಾತ್ ಬ್ಯಾಂಡ್ ಕಟ್ಟಿದ್ದು 1968ರಲ್ಲಿ. ನಮ್ಮೂರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಗಿದ್ದು 1923ರಲ್ಲಿ, ಕೆಮ್ಮಣ್ಣುಗುಂಡಿಯಿಂದ ಅದಿರು ತಂದು ಇಲ್ಲಿ ಕರಗಿಸ್ತಿದ್ರು. ಮೂರು ತಲೆಮಾರು ಸೈರನ್ ಕೇಳಿ ಎದ್ದ ಊರು ಇದು. ಮೆಟಲ್ ಭದ್ರಾವತಿಗೆ ಹೊರಗಿನದು ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪಲ್ಲ.

ಬೆಂಗಳೂರಿಗೆ ಹೋದವ
ಮನಸ್ಸಿಗೆ ಬೇಜಾರು ಮಾಡ್ಕೋಬೇಡಿ, ಮೆಟಲ್ ಮಾಡೋದಾದ್ರೆ ಬೆಂಗಳೂರಿಗೆ ಬನ್ನಿ. ಕ್ರಿಪ್ಟೋಸ್ ಬ್ಯಾಂಡ್ 1998ರಲ್ಲಿ ಇಲ್ಲೇ ಶುರುವಾಗಿ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ಬಾರಿಸಿ ಬಂತು. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ಅರಮನೆ ಮೈದಾನಕ್ಕೆ ಬಂದಾಗ ನಾನು ಹೊಸನಗರದಿಂದ ರಾತ್ರಿ ಬಸ್ ಹತ್ತಿ ಹೋಗಿದ್ದೆ. ಆ ಜನಸಾಗರ ನೋಡಿದ ಮೇಲೆ ಊರಿಗೆ ವಾಪಸ್ ಬಂದು ಮೆಟಲ್ ಮಾಡ್ತೀನಿ ಅನ್ನೋ ಯೋಚನೆಯೇ ಬರಲಿಲ್ಲ. ಕೇಳುವವರು ಇರೋ ಕಡೆ ಬ್ಯಾಂಡ್ ಇರಬೇಕು.

ಭದ್ರಾವತಿ ಹುಡುಗ
ಕೇಳುವವರು ಇರೋ ಕಡೆ ಹೋಗಬೇಕು, ಸರಿ. ಆದರೆ ಅಲ್ಲೇ ಹುಟ್ಟಬೇಕು ಅಂತ ಏನಿದೆ? ಇಂಡೋನೇಷ್ಯಾದ ವಾಯ್ಸ್ ಆಫ್ ಬಾಚೆಪ್ರೋತ್ ಬ್ಯಾಂಡ್ ನೋಡಿ. ಪಶ್ಚಿಮ ಜಾವಾದ ಗರುತ್ ಕಡೆಯ ಶಾಲೆಯಲ್ಲಿ 2014ರಲ್ಲಿ ಸೇರಿಕೊಂಡ ಮೂವರು ಹುಡುಗಿಯರು, 2024ರಲ್ಲಿ ಗ್ಲಾಸ್ಟನ್‌ಬರಿ ವೇದಿಕೆ ಮೇಲಿದ್ರು. ರಾಜಧಾನಿಯಿಂದ ಬಂದವರಲ್ಲ.

ತೀರ್ಥಹಳ್ಳಿ ಕಡೆಯವ
ಬ್ಲ್ಯಾಕ್ ಸಬಾತ್ ಗಿಟಾರಿಸ್ಟ್ ಟೋನಿ ಅಯೋಮಿ ಬೆರಳು ಕಳ್ಕೊಂಡಿದ್ದು ಇಂಥದ್ದೇ ಕಾರ್ಖಾನೆಯಲ್ಲಿ ಅಲ್ವಾ ಮಾರಾಯ. ಅದಕ್ಕೇ ಮೊದಲ ಆಲ್ಬಮ್‌ನಿಂದಲೇ ತಂತಿ ಸಡಿಲ ಮಾಡಿ ಶ್ರುತಿ ಇಳಿಸಿದ್ದು. ಹಾಗಾಗಿ ಬಿ ಟ್ಯೂನಿಂಗ್ ಬಿಡಬೇಡಿ. ಇಳಿದಷ್ಟೂ ಭಾರ.

ಮಿಕ್ಸರ್ ಮುಂದೆ ಕೂರುವವ
ಎರಡು ತಿದ್ದುಪಡಿ. ಅಯೋಮಿ ಎಡಗೈ ವಾದಕ. 17ನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿ ಬಲಗೈಯ ನಡುಬೆರಳು ಮತ್ತು ಉಂಗುರ ಬೆರಳಿನ ತುದಿ ಹೋಯ್ತು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡರು, ತೆಳು ತಂತಿ ಹಾಕಿದರು. ಆದರೆ 1970ರ ಮೊದಲ ಆಲ್ಬಮ್ ಮಾಮೂಲಿ ಶ್ರುತಿಯಲ್ಲೇ ಇದೆ. ಒಂದೂವರೆ ಸ್ವರ ಇಳಿಸಿ ಸಿ ಶಾರ್ಪ್‌ಗೆ ಬಂದದ್ದು 1971ರ ಮೂರನೇ ಆಲ್ಬಮ್‌ನಲ್ಲಿ. ಅಂದರೆ ಭಾರ ಅನ್ನೋದು ಶ್ರುತಿ ಇಳಿಸೋ ಮೊದಲೇ ಇತ್ತು.

ಇನ್ನು ನಿಮ್ಮ ಗಿಜಿಗಿಜಿ. ಗಿಟಾರಿನ ದಪ್ಪ ತಂತಿ ಮಾಮೂಲಿ ಶ್ರುತಿಯಲ್ಲಿ ಸುಮಾರು 82 ಹರ್ಟ್ಸ್. ಬಿಗೆ ಇಳಿಸಿದರೆ 62ರ ಹತ್ತಿರ. ಬೇಸ್ ಗಿಟಾರ್, ಕಾಲಲ್ಲಿ ಹೊಡೆಯುವ ಕಿಕ್ ಡ್ರಮ್ ಎರಡೂ ಇರುವ ಜಾಗಕ್ಕೇ ಎರಡು ಗಿಟಾರ್ ಇಳಿದು ಕೂತಿವೆ. ನಮ್ಮ ಊರುಗಳ ಆರ್ಕೆಸ್ಟ್ರಾ ಸೌಂಡ್ ಸಿಸ್ಟಮ್‌ಗಳು ಹಾಡುವ ಗಂಟಲಿಗೆ ಹೊಂದಿಸಿದವು, ಅಷ್ಟು ಕೆಳಗಿನದ್ದನ್ನು ಬಿಡಿಸಿ ಹೇಳಲ್ಲ. ಮಾಮೂಲಿ ದಪ್ಪದ 10-46 ತಂತಿ ಸೆಟ್ ಹಾಕಿದ್ರೆ ತಂತಿ ಜೋತುಬಿದ್ದು ಶ್ರುತಿಯೂ ನಿಲ್ಲಲ್ಲ. ಡಿ ಅಥವಾ ಸಿ ಶಾರ್ಪ್‌ಗೆ ವಾಪಸ್ ಬನ್ನಿ, ಕೆಳಗಿನದ್ದನ್ನು ಬೇಸ್‌ಗೆ ಬಿಟ್ಟುಕೊಡಿ. ಗಿಟಾರಿನ ಮಿಡ್, ಅಂದರೆ ನಡುವಿನ ಎತ್ತರದ ಸದ್ದು, ಕತ್ತರಿಸಬೇಡಿ, ಕೋಣೆಯಲ್ಲಿ ಒಬ್ಬರೇ ಬಾರಿಸುವಾಗ ಮಿಡ್ ತೆಗೆದ ಸೌಂಡ್ ಚೆನ್ನಾಗಿ ಕೇಳುತ್ತೆ, ಡ್ರಮ್ಸ್ ಶುರುವಾದ ತಕ್ಷಣ ಕಾಣೆಯಾಗುತ್ತೆ. ಡಿಸ್ಟಾರ್ಷನ್ (ಸದ್ದನ್ನು ಒಡೆದು ಒರಟಾಗಿಸೋದು) ಅರ್ಧಕ್ಕೆ ಇಳಿಸಿ. ರೆಕಾರ್ಡ್ ಮಾಡುವಾಗ ಒಂದೇ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಎರಡು ಸಲ ಬಾರಿಸಿ, ಒಂದು ಎಡಕ್ಕೆ, ಒಂದು ಬಲಕ್ಕೆ. ಒಂದನ್ನೇ ಕಾಪಿ ಮಾಡಿ ಹಾಕಿದರೆ ಅಗಲ ಬರಲ್ಲ, ಜೋರಾಗುತ್ತೆ ಅಷ್ಟೇ.

ತೀರ್ಥಹಳ್ಳಿ ಕಡೆಯವ
ಸರಿ. ಆದರೂ ತಗ್ಗಿನ ಶ್ರುತಿಯ ಮಜಾ ಬೇರೆ.

ಆಗುಂಬೆ ಘಾಟಿ
ಪ್ರಾಕ್ಟೀಸ್ ಎಲ್ಲಿ ಮಾಡ್ತೀರಿ? ಮಳೆಗಾಲದಲ್ಲಿ ಗಿಟಾರ್ ಹೇಗೆ ಉಳಿಸ್ತೀರಿ? ನಮ್ಮಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ. ಕತ್ತಿನ ಮರ ಉಬ್ಬಿ ತಂತಿ ಎತ್ತರವಾಗುತ್ತೆ, ತುಕ್ಕು ಹಿಡಿಯುತ್ತೆ.

ತುಂಗಾತೀರದ ಗಿಟಾರ್
ನಿದಿಗೆ ಕಡೆ ಒಂದು ಅಡಿಕೆ ಗೋದಾಮು. ಕೊಯ್ಲಿನ ಸಮಯ ಬಿಟ್ಟು ಉಳಿದಂತೆ ಖಾಲಿ ಇರುತ್ತೆ. ಗೋಡೆಗೆ ಮೊಟ್ಟೆ ಟ್ರೇ ಹೊಡೀಬೇಕು ಅಂತಿದ್ದೇವೆ.

ಮಿಕ್ಸರ್ ಮುಂದೆ ಕೂರುವವ
ದಯವಿಟ್ಟು ಮೊಟ್ಟೆ ಟ್ರೇ ಬೇಡ. ಹೊರಗೆ ಹೋಗುವ ಸದ್ದನ್ನು ಅದು ತಡೆಯಲ್ಲ, ಒಳಗಿನ ಬೇಸ್‌ಗೂ ಏನೂ ಮಾಡಲ್ಲ, ಮೇಲಿನ ಸ್ವರ ಸ್ವಲ್ಪ ಮಂಕಾಗುತ್ತೆ ಅಷ್ಟೇ. ಬೆಂಕಿಯ ಭಯ ಬೇರೆ. ಸದ್ದು ತಡೆಯೋದು ಗೋಡೆಯ ತೂಕ. ಬಾಗಿಲ ಸಂದು ಮುಚ್ಚಿ. ಮೂಲೆಗಳಲ್ಲಿ ಹಳೇ ಹತ್ತಿ ಹಾಸಿಗೆ ದಪ್ಪಗೆ ನಿಲ್ಲಿಸಿ, ಡ್ರಮ್ಸ್ ಕೆಳಗೆ ಕಂಬಳಿ. ಗೋದಾಮಿನ ಅರ್ಥಿಂಗ್ ಮೊದಲು ನೋಡಿಸಿ. ಗಿಟಾರ್ ಹಿಡಿದು ಮೈಕಿಗೆ ತುಟಿ ತಾಗಿಸಿದಾಗ ಜುಮ್ ಅಂದ್ರೆ ಅದು ತಮಾಷೆಯಲ್ಲ, ಜೀವ ಹೋಗುವ ವಿಷಯ.

ಬೀಟೆಮರ
@ಆಗುಂಬೆ ಘಾಟಿ, ಗಿಟಾರ್ ಬ್ಯಾಗಿನಲ್ಲಿ ಸಿಲಿಕಾ ಜೆಲ್ ಇಡಿ, ಬಾರಿಸಿದ ಮೇಲೆ ತಂತಿ ಒರೆಸಿ, ಮಳೆಗಾಲ ಶುರುವಾದಾಗ ಮತ್ತು ಮುಗಿದಾಗ ಕತ್ತಿನೊಳಗಿನ ಕಬ್ಬಿಣದ ಸರಳು, ಟ್ರಸ್ ರಾಡ್, ಕಾಲು ಸುತ್ತು ಕಾಲು ಸುತ್ತಾಗಿ ಸರಿಮಾಡಿ. ಒಂದೇ ಸಲ ತಿರುಗಿಸಬೇಡಿ.

ಇನ್ನೊಂದು ವಿಷಯ. ಜಗತ್ತಿನ ಎಷ್ಟೋ ಗಿಟಾರ್‌ಗಳ ಬೆರಳುಹಲಗೆ ಇಂಡಿಯನ್ ರೋಸ್‌ವುಡ್. ಅಂದರೆ ನಮ್ಮ ಬೀಟೆ, ಈ ಘಟ್ಟದ ಮರ. 2017ರಲ್ಲಿ ಸೈಟಿಸ್ ಅನ್ನೋ ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದಡಿ ಎಲ್ಲ ಬೀಟೆ ಜಾತಿಯ ಮರಗಳ ಸಾಗಾಟಕ್ಕೆ ನಿರ್ಬಂಧ ಬಂದಾಗ ಗಿಟಾರ್ ಕಂಪನಿಗಳು ಬೇರೆ ಮರ ಹುಡುಕಿದವು. 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯ್ತಿ ಸಿಕ್ಕಿತು. ನಮ್ಮ ಕಾಡಿನ ಮರ ಹೊರಗೆ ಹೋಗಿ ಗಿಟಾರ್ ಆಗಿ ಇಲ್ಲಿಗೆ ಬರುತ್ತೆ. ಹೊರಗಿನ ವಾದ್ಯ ಅನ್ನೋ ಮಾತು ನನಗೆ ಹಿಡಿಸದೇ ಇರೋದು ಇದಕ್ಕೇ.

ದುರ್ಗಿಗುಡಿ ನಿವಾಸಿ
ವಾದ್ಯ ಎಲ್ಲಿಂದಾದರೂ ಬರಲಿ, ಸದ್ದು ನಮ್ಮ ಮನೆಗೆ ಬರಬಾರದು. ನಮ್ಮ ಪಕ್ಕದ ಮನೆ ಮಹಡಿಯಲ್ಲಿ ಹುಡುಗರು ರಾತ್ರಿ ಹನ್ನೊಂದಕ್ಕೆ ಡ್ರಮ್ಸ್ ಬಾರಿಸ್ತಾರೆ. ನನ್ನ ಮಗಳಿಗೆ ಪಿಯುಸಿ ಪರೀಕ್ಷೆ. ವಸತಿ ಪ್ರದೇಶದಲ್ಲಿ ರಾತ್ರಿ ಮಿತಿ 45 ಡೆಸಿಬಲ್, ಹಗಲು 55. 2000ದ ಶಬ್ದಮಾಲಿನ್ಯ ನಿಯಮದಲ್ಲೇ ಇದೆ.

ಭದ್ರಾವತಿ ಹುಡುಗ
ಗಣಪತಿ ಮೆರವಣಿಗೆ ಡಿಜೆಗೆ ಯಾರೂ ಡೆಸಿಬಲ್ ಹೇಳಲ್ಲ, ಬ್ಯಾಂಡ್ ಅಂದ ಕೂಡ್ಲೆ ನಿಯಮ.

ದುರ್ಗಿಗುಡಿ ನಿವಾಸಿ
ಅದಕ್ಕೂ ಹೇಳ್ತೀನಿ, ಇದಕ್ಕೂ ಹೇಳ್ತೀನಿ. ಗೋದಾಮು ಹಿಡಿದ ಈ ಹುಡುಗರು ಮಾಡಿದ್ದು ಸರಿಯಾದ ಕೆಲಸ.

ಶ್ರುತಿಪೆಟ್ಟಿಗೆ
ನಾನು ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುವವಳು. ಮಗನ ದೆಸೆಯಿಂದ ನಿಮ್ಮ ಸಂಗೀತವೂ ಕಿವಿಗೆ ಬೀಳುತ್ತೆ. ಮೆಟಲ್‌ನವರು ದೆವ್ವದ ಸ್ವರಾಂತರ ಅಂತ ಹೇಳ್ತಾರಲ್ಲ, ಅದು ಷಡ್ಜದಿಂದ ಪ್ರತಿಮಧ್ಯಮ. ಯುರೋಪಿನಲ್ಲಿ ಚರ್ಚು ಅದನ್ನು ನಿಷೇಧಿಸಿತ್ತು ಅನ್ನೋ ಕತೆಗೆ ಆಧಾರವಿಲ್ಲ, ಹಾಡಲು ಕಷ್ಟ ಅಂತ ತಪ್ಪಿಸ್ತಿದ್ದರು. ನಮ್ಮಲ್ಲಿ 72 ಮೇಳಗಳಲ್ಲಿ (ಮೂಲ ರಾಗಗಳಲ್ಲಿ) ಅರ್ಧ, ಅಂದರೆ 37ರಿಂದ 72ರವರೆಗೆ, ಪ್ರತಿಮಧ್ಯಮದವೇ. ಫ್ರಿಜಿಯನ್ ಸ್ವರಶ್ರೇಣಿ ಅಂತ ನೀವು ಕರೆಯೋದರ ಸ್ವರಗಳು 8ನೇ ಮೇಳ ಹನುಮತೋಡಿಯವು. ಹಾರ್ಮೋನಿಕ್ ಮೈನರ್‌ನ ಸ್ವರಗಳು 21ನೇ ಮೇಳ ಕೀರವಾಣಿಯವು. ಆ ಕಡೆಯಿಂದ ಕಲಿತದ್ದನ್ನೇ ಈ ಕಡೆಯಿಂದಲೂ ಒಮ್ಮೆ ಹಾಡಿ ನೋಡಿ.

ಆದರೆ ಸ್ವರಗಳ ಪಟ್ಟಿ ರಾಗವಲ್ಲ. ತೋಡಿಯ ಗಾಂಧಾರ ಗಮಕವಿಲ್ಲದೆ, ಅಂದರೆ ಸ್ವರದ ತೂಗಾಟವಿಲ್ಲದೆ, ನಿಂತರೆ ಅದು ತೋಡಿಯಲ್ಲ. ಸೋಲೋದಲ್ಲಿ ಆರೋಹಣ ಓಡಿಸಿ ರಾಗ ನುಡಿಸಿದೆವು ಅಂತ ಹೇಳಬೇಡಿ.

ಮಿಕ್ಸರ್ ಮುಂದೆ ಕೂರುವವ
ಇದಕ್ಕೆ ಒಂದು ಮಾತು ಸೇರಿಸ್ತೀನಿ. ಡಿಸ್ಟಾರ್ಷನ್ ಎರಡು ಸ್ವರಗಳ ಮೊತ್ತ ಮತ್ತು ವ್ಯತ್ಯಾಸದ ಹೊಸ ಸ್ವರಗಳನ್ನು ಹುಟ್ಟಿಸುತ್ತೆ. ಷಡ್ಜ ಪಂಚಮ 2ಕ್ಕೆ 3ರ ಸಂಬಂಧ, ವ್ಯತ್ಯಾಸ 1, ಅಂದರೆ ಷಡ್ಜದ ಕೆಳಗಿನ ಷಡ್ಜವೇ ಬರುತ್ತೆ. ಷಡ್ಜ ಪಂಚಮ ಒಟ್ಟಿಗೆ ಮೀಟುವ ಪವರ್ ಕಾರ್ಡ್ ಭಾರವಾಗಿ ಕೇಳೋದು ಅದಕ್ಕೆ. ಗಾಂಧಾರ ಸೇರಿಸಿದರೆ ಕೆಸರು. ಪ್ರತಿಮಧ್ಯಮ ಸೇರಿಸಿದರೆ ಎಲ್ಲೂ ಹೊಂದದ ಸ್ವರಗಳು ಎದ್ದು ಭಯ ಹುಟ್ಟಿಸುತ್ತವೆ. ಹಾಗಾಗಿ ರಿದಮ್ ಗಿಟಾರ್ ಷಡ್ಜ ಪಂಚಮದಲ್ಲಿರಲಿ, ರಾಗದ ಉಳಿದ ಸ್ವರಗಳು ಗಂಟಲಿಗೂ ಲೀಡ್‌ಗೂ ಇರಲಿ.

ಹೊಳೆದಂಡೆ
ಮಕ್ಕಳಿಗೆ ಮೊದಲ ಪಾಠ ಮಾಯಾಮಾಳವಗೌಳ ರಾಗ. ಹಾಗೆ ಕ್ರಮ ಹಾಕಿಕೊಟ್ಟ ಪುರಂದರದಾಸರು ನಮ್ಮ ತೀರ್ಥಹಳ್ಳಿ ಬಳಿಯ ಆರಗದವರೇ. ಬೇರೆ ಇನ್ನೇನು ಬೇಕು?

ಶ್ರುತಿಪೆಟ್ಟಿಗೆ
ಆರಗ ಅಂತ ಹೇಳುವ ವಿದ್ವಾಂಸರೂ ಇದ್ದಾರೆ, ಪುಣೆ ಹತ್ತಿರದ ಪುರಂದರಗಡ ಅನ್ನೋ ಹಳೆಯ ನಂಬಿಕೆಯೂ ಇದೆ. ಅದನ್ನು ಇಲ್ಲಿ ಎಳೆದರೆ ಬ್ಯಾಂಡಿನ ಮಾತು ಮರೆತುಹೋಗುತ್ತೆ.

ಹೊಳೆದಂಡೆ
ಆರಗವೇ.

ಸಾಗರದ ಡೊಳ್ಳು
ಡೊಳ್ಳು ಅಂಟಿಸಿದ ಹಾಗೆ ಕೇಳಿತು ಅಂದ್ರಲ್ಲ, ಅದು ಸರಿಯಾದ ಅನಿಸಿಕೆ. ಹಾಡು ನಿಲ್ಲಿಸಿ ಡೊಳ್ಳು, ಡೊಳ್ಳು ನಿಲ್ಲಿಸಿ ಹಾಡು ಮಾಡಿದ್ರೆ ಅದು ಮೆರವಣಿಗೆ ಆಗುತ್ತೆ. ಡೊಳ್ಳಿನಲ್ಲಿ ಬಲಗೈಗೆ ಕೋಲು, ಎಡಗೈ ಬರಿಗೈ. ಎರಡು ಬೇರೆ ಸದ್ದು, ಒಂದು ಸಿಡಿಯುತ್ತೆ, ಒಂದು ಗುಮ್ಮೆನ್ನುತ್ತೆ. ನಿಮ್ಮ ಡ್ರಮ್ಮರ್‌ಗೆ ಈ ಕೈ ಗೊತ್ತು. ಅದೇ ಹೊಡೆತವನ್ನು ಡ್ರಮ್ಸಿನ ತಗ್ಗು ಸದ್ದಿನ ಫ್ಲೋರ್ ಟಾಮ್‌ಗೂ ಕಿಕ್‌ಗೂ ಹಂಚಲಿ, ಡೊಳ್ಳು ವೇದಿಕೆ ಮೇಲೆ ಇರಲೇಬೇಕು ಅಂತಿಲ್ಲ. ಮಳೆಗಾಲದಲ್ಲಿ ಡೊಳ್ಳಿನ ಚರ್ಮ ಸಡಿಲವಾದ್ರೆ ಬೆಂಕಿಗೆ ಹಿಡಿದು ಕಾಯಿಸ್ತೀವಿ, ಡ್ರಮ್ಸಿನ ಪ್ಲಾಸ್ಟಿಕ್ ಹೊದಿಕೆಗೆ ಆ ತೊಂದರೆಯೂ ಇಲ್ಲ.

ಚಂಡೆ ಕೇಳಿ ಬೆಳೆದವಳು
ಚಂಡೆ ಮಾತ್ರ ಹಾಕಬೇಡಿ. ಅದು ಸ್ನೇರ್, ಸಿಂಬಲ್ ಇರೋ ಎತ್ತರದಲ್ಲೇ ಕೂಗುತ್ತೆ, ಮೂರೂ ಹಾಳು.

ಆದರೆ ಗಂಟಲಿನ ವಿಷಯದಲ್ಲಿ ಯಕ್ಷಗಾನದಿಂದ ಕಲಿಯೋದು ಬಹಳ ಇದೆ. ಬಣ್ಣದ ವೇಷ ರಂಗಕ್ಕೆ ಬರುವ ಮುಂಚೆ ಹಾಕುವ ಅಬ್ಬರ ಕೇಳಿದ್ದೀರಾ? ಮೈಕಿಲ್ಲದ ಕಾಲದಲ್ಲಿ ಗದ್ದೆ ಆಚೆಗೂ ಕೇಳ್ತಿತ್ತು ಅಂತ ಅಜ್ಜ ಹೇಳೋರು. ಮೆಟಲ್‌ನ ಗ್ರೌಲ್‌ನಲ್ಲಿ, ಅಂದರೆ ಒರಟಾಗಿ ಗುರುಗುಟ್ಟಿ ಹಾಡೋದರಲ್ಲಿ, ಕಂಪಿಸೋದು ಧ್ವನಿತಂತುಗಳ ಮೇಲಿರುವ ಸುಳ್ಳು ತಂತುಗಳು, ಬಲ ಬರೋದು ಹೊಟ್ಟೆಯ ಉಸಿರಿನಿಂದ. ನೋವಾದರೆ ನಿಲ್ಲಿಸಲೇಬೇಕು. ನಿಮ್ಮ ಗಾಯಕಿಗೆ ಭಾಗವತಿಕೆಯ ತಾರಸ್ಥಾಯಿ ಇದೆ, ಅದನ್ನು ಬಿಟ್ಟು ಬರೀ ಗ್ರೌಲ್ ಹಿಡಿಸಬೇಡಿ. ಮೇಲಿನ ಎಳೆ ಅವಳದ್ದೇ ಇರಲಿ, ಅಬ್ಬರಕ್ಕೆ ಇನ್ನೊಬ್ಬರು.

ಬೆಂಗಳೂರಿಗೆ ಹೋದವ
ಇದೆಲ್ಲ ಫೋಕ್ ಮೆಟಲ್, ಜಾನಪದ ಬೆರೆತ ಮೆಟಲ್ ಆಯ್ತಲ್ಲ. ದೆಹಲಿಯ ಬ್ಲಡಿವುಡ್ ಬ್ಯಾಂಡ್ ಡೋಲು ಇಟ್ಟು ಮಾಡಿದೆ, ಮಂಗೋಲಿಯಾದ ದಿ ಹು ಬ್ಯಾಂಡ್ ಕುದುರೆತಲೆಯ ಪಿಟೀಲು ಇಟ್ಟು ಮಾಡಿದೆ. ಇನ್ನೊಂದು ಬೇಕಾ? ಮತ್ತೆ, ಕನ್ನಡ ಮೃದು ಭಾಷೆ, ಬಹುತೇಕ ಎಲ್ಲ ಪದವೂ ಸ್ವರಾಕ್ಷರದಲ್ಲಿ ಮುಗಿಯುತ್ತೆ. ಇಂಗ್ಲಿಷ್‌ನಲ್ಲಿ ವ್ಯಂಜನದಲ್ಲಿ ಕಡಿದ ಹಾಗೆ ನಿಲ್ಲುತ್ತೆ, ರಿಫ್ ಜೊತೆ ಕೂರುತ್ತೆ.

ಮಿಶ್ರಚಾಪು
ಕನ್ನಡ ಮೃದುವಾ? ಒತ್ತಕ್ಷರ ಎಲ್ಲಿ ಬಿಟ್ರಿ? ಗುಡ್ಡ, ಕಬ್ಬಿಣ, ಬೆಚ್ಚು, ಮುಕ್ಕು. ಪದದ ನಡುವೆಯೇ ಸುತ್ತಿಗೆ ಇದೆ. ಕೊನೆಯಲ್ಲಿ ಸ್ವರ ಇರೋದ್ರಿಂದ ಕೂಗಿ ಎಳೆಯೋಕೂ ಬರುತ್ತೆ.

ನನ್ನ ಪ್ರಕಾರ ವಾದ್ಯ ಅಂಟಿಸೋದು ಬಿಟ್ಟು ಛಂದಸ್ಸು ತಗೊಳ್ಳಿ. ಭಾಮಿನಿ ಷಟ್ಪದಿ ಮೂರು ನಾಲ್ಕು ಮೂರು ನಾಲ್ಕು ಮಾತ್ರೆ. ಅಂದರೆ ಏಳು, ಏಳು. ಮೆಟಲ್‌ನವರು 7/8, ಏಳರ ಎಣಿಕೆ, ಅಂತ ತಲೆ ಕೆಡಿಸಿಕೊಂಡು ಬರೆಯೋ ರಿಫ್ ಇದು. ಮೂರನೇ ಸಾಲು ಇನ್ನೂ ಮಜಾ. ಮೂರು ಸಲ ಏಳು ಆಗಿ 21, ಆಮೇಲೆ ಒಂದೇ ಒಂದು ಗುರು (ಎರಡು ಮಾತ್ರೆಯ ಅಕ್ಷರ), ಒಟ್ಟು 23. ನಾಲ್ಕನೇ ಏಳು ತುಂಬೋಕೆ ಇನ್ನೂ 5 ಮಾತ್ರೆ ಉಳಿಯುತ್ತೆ. ಆ ಗುರುವಿಗೆ ಎಲ್ಲರೂ ಒಟ್ಟಿಗೆ ಹೊಡೆದು ಕೈ ಮುಚ್ಚಿ, ಐದು ಮಾತ್ರೆ ಪೂರ್ತಿ ನಿಶ್ಶಬ್ದ. ಆಮೇಲೆ ರಿಫ್ ವಾಪಸ್. ಅರ್ಧ ಪದ್ಯ ಹೀಗೆ, ಈಗಷ್ಟೇ ಬರೆದೆ:

ಮಳೆಯು ಸುರಿದಿದೆ ಘಟ್ಟ ಬಿರಿದಿದೆ
ಹೊಳೆಯು ಕೆಂಪಗೆ ಉಕ್ಕಿ ಬಂದಿದೆ
ಇಳೆಯ ಎದೆಯಲಿ ಕುದಿವ ಕಬ್ಬಿಣ ಗುಡುಗಿ ಕರೆದಿದೆ ಬಾ

ಮೂರರ ಮೊದಲಿಗೆ, ನಾಲ್ಕರ ಮೊದಲಿಗೆ ಕಿಕ್. ಉಳಿದದ್ದು ಪಾಮ್ ಮ್ಯೂಟ್, ಅಂಗೈ ತಂತಿಗೆ ಒತ್ತಿ ಬಾರಿಸೋದು. ಆದಿಪ್ರಾಸ ಇರೋದ್ರಿಂದ ಸಾಲು ಶುರುವಾಗುವಾಗಲೇ ಕಿವಿಗೆ ಹೊಡೆಯುತ್ತೆ.

ತುಂಗಾತೀರದ ಗಿಟಾರ್
ಇದನ್ನು ಓದಿದ ಕೂಡಲೇ ಗಿಟಾರ್ ತೆಗೆದೆ. ಕೂರುತ್ತೆ! ಆ “ಬಾ” ಆದಮೇಲಿನ ಮೌನ ಇದೆಯಲ್ಲ, ನಾವು ಹುಡುಕ್ತಿದ್ದ ಬ್ರೇಕ್‌ಡೌನ್ (ಹಾಡು ತಡೆದು ಭಾರವಾಗಿ ಬೀಳೋ ಜಾಗ) ಅದೇ.

ಹೊಸಹಳ್ಳಿ ಗಮಕ
ಸ್ವಲ್ಪ ತಡೆಯಿರಿ. ನಾನು ಗಮಕ, ಅಂದರೆ ಕಾವ್ಯವನ್ನು ರಾಗದಲ್ಲಿ ವಾಚಿಸುವ ಕಲೆ, ಕಲಿಯುತ್ತಿರುವವನು. ಭಾಮಿನಿಯನ್ನು ನಾವು ತಾಳಕ್ಕೆ ಕಟ್ಟಿ ಹಾಡುವುದಿಲ್ಲ. ಯಕ್ಷಗಾನದ ಭಾಗವತರೂ ಭಾಮಿನಿಯನ್ನು ಸಾಮಾನ್ಯವಾಗಿ ತಾಳವಿಲ್ಲದೆಯೇ ಎತ್ತುತ್ತಾರೆ, ನಿಮ್ಮ ಗಾಯಕಿಯನ್ನೇ ಕೇಳಿ. ಅರ್ಥ ಮುಂದೆ, ಲಯ ಹಿಂದೆ. ಗಣಗಣಕ್ಕೂ ಡ್ರಮ್ಸ್ ಹೊಡೆದರೆ ಪದ್ಯ ಪುಡಿಯಾಗುತ್ತದೆ.

ಮೇಲಿನ ಸಾಲುಗಳಲ್ಲಿ ಮಾತ್ರೆ ಸರಿಯಿದೆ. ಆದರೆ ಪ್ರತಿ ಪದವೂ ಗಣದ ಜೊತೆಗೇ ಮುಗಿಯುತ್ತಿದೆ. ಮಳೆಯು, ಸುರಿದಿದೆ, ಘಟ್ಟ, ಬಿರಿದಿದೆ. ಆರು ಸಾಲು ಹೀಗೇ ಹೋದರೆ ಕಿವಿ ದಣಿಯುತ್ತದೆ. ಕುಮಾರವ್ಯಾಸನಲ್ಲಿ ಪದ ಗಣದ ಗಡಿ ದಾಟಿ, ಸಾಲಿನ ಗಡಿಯನ್ನೂ ದಾಟಿ ಹರಿಯುತ್ತದೆ. ಹತ್ತು ಪರ್ವವನ್ನು ಒಂದೇ ಷಟ್ಪದಿಯಲ್ಲಿ ಬರೆದೂ ಬೇಸರ ತರದಿರುವುದು ಅದರಿಂದ.

ಮಿಶ್ರಚಾಪು
ತಾಳವಿಲ್ಲದೆ ಹಾಡೋದು ಒಂದು ಸಂಪ್ರದಾಯ, ಒಪ್ಪಿದೆ. ಲಯ ಪದ್ಯದೊಳಗೇ ಇದೆ ಅನ್ನೋದನ್ನು ನೀವೂ ಅಲ್ಲಗಳೆಯಲ್ಲ. ಅದನ್ನು ಹೊರಗೆ ತಂದು ಬಾರಿಸಿದರೆ ತಪ್ಪೇನು?

ಮಿಕ್ಸರ್ ಮುಂದೆ ಕೂರುವವ
ಇಬ್ಬರೂ ಒಂದೇ ಕಡೆ ಬರ್ತಿದ್ದೀರಿ. ಸ್ವೀಡನ್ನಿನ ಮೆಶೂಗಾ ಬ್ಯಾಂಡ್ ಮಾಡೋದು ಇದನ್ನೇ. ಸಿಂಬಲ್ ಒಂದು ಎಣಿಕೆಯಲ್ಲಿ ನಿಂತಿರುತ್ತೆ, ರಿಫ್ ಬೇರೆ ಉದ್ದದಲ್ಲಿ ಅದನ್ನು ದಾಟಿ ಹೋಗ್ತಿರುತ್ತೆ. ಇಲ್ಲಿ ಡ್ರಮ್ಸ್ ಮೂರು ನಾಲ್ಕು ಹಿಡಿದಿರಲಿ, ಗಂಟಲು ಗಣ ದಾಟಿ ಹರಿಯಲಿ. ಗಮಕಿ ಹೇಳಿದ ಪದ್ಯದ ಹರಿವೂ ಉಳಿಯುತ್ತೆ, ರಿಫ್‌ನ ಹೊಡೆತವೂ ಉಳಿಯುತ್ತೆ.

ಚಂಡೆ ಕೇಳಿ ಬೆಳೆದವಳು
ಹಾಗಾದ್ರೆ ಹಾಡಿನ ಶುರುವಿನಲ್ಲಿ ಅವಳು ಒಂದು ಭಾಮಿನಿ ತಾಳವಿಲ್ಲದೆ ಎತ್ತಲಿ, ಹಿಂದೆ ಒಂದೇ ಗಿಟಾರ್ ಷಡ್ಜ ಹಿಡಿದು ಮೊರೆಯಲಿ. ಮುಗಿದ ಕೂಡ್ಲೆ ಅದೇ ಪದ್ಯ ಏಳರ ಏಟಿನಲ್ಲಿ. ಕೇಳುವವರಿಗೆ ಲಯ ಎಲ್ಲಿತ್ತು ಅನ್ನೋದು ಆಗ ಗೊತ್ತಾಗುತ್ತೆ.

ಬೆಂಗಳೂರಿಗೆ ಹೋದವ
ಇದು ನಾನು ಇಲ್ಲಿ ಕೇಳಿಲ್ಲ. ರೆಕಾರ್ಡ್ ಮಾಡಿದ ದಿನ ಕಳಿಸಿ, ಇಲ್ಲಿ ಗೊತ್ತಿರೋ ಎರಡು ಮೂರು ವೇದಿಕೆಯವರಿಗೆ ನಾನೇ ಕೇಳಿಸ್ತೀನಿ. ಇಂಗ್ಲಿಷ್ ಬಗ್ಗೆ ನನ್ನ ಅಭಿಪ್ರಾಯ ಹಾಗೇ ಇದೆ.

ತುಂಗಾತೀರದ ಗಿಟಾರ್
ಖಂಡಿತ ಕಳಿಸ್ತೀವಿ. ಬಿ ಟ್ಯೂನಿಂಗ್ ಇವತ್ತೇ ಬಿಟ್ಟೆವು, ಸಿ ಶಾರ್ಪ್‌ನಲ್ಲಿದ್ದೇವೆ. ಬೇಸಿನವನಿಗೆ ಈಗ ಉಸಿರಾಡೋಕೆ ಜಾಗ ಸಿಕ್ಕಿದೆ. ಡ್ರಮ್ಮರ್ ಡೊಳ್ಳಿನ ಎಡಗೈಯನ್ನು ಫ್ಲೋರ್ ಟಾಮ್‌ಗೆ ಹಾಕಿ ಏಳು ಬಾರಿಸಿದ. ನಮಗೆಲ್ಲ ಮೈ ಜುಮ್ಮೆಂದಿತು. @ಹೊಸಹಳ್ಳಿ ಗಮಕ, ಉಳಿದ ಮೂರು ಸಾಲು ನೀವು ಬರೆದುಕೊಡ್ತೀರಾ? ಗಣ ದಾಟೋ ಹಾಗೆ.

ಹೊಸಹಳ್ಳಿ ಗಮಕ
ಬರೆದು ಕಳಿಸುವುದಕ್ಕಿಂತ ಬಂದು ಹಾಡಿ ತೋರಿಸುವುದು ಒಳ್ಳೆಯದು. ಎಲ್ಲಿ ಉಸಿರು ತೆಗೆಯಬೇಕು ಅನ್ನುವುದು ಕಾಗದದಲ್ಲಿ ಬರುವುದಿಲ್ಲ. ಶನಿವಾರ ಸಂಜೆ ಬರುತ್ತೇನೆ. ಮೊದಲ ಸಲ ನಿಧಾನವಾಗಿ ಬಾರಿಸಿ, ನಿಮ್ಮ ವೇಗ ಎಷ್ಟು ಅಂತ ಆಮೇಲೆ ನೋಡೋಣ.

ಸಾಗರದ ಡೊಳ್ಳು
ಶನಿವಾರ ನಾನೂ ಶಿವಮೊಗ್ಗದಲ್ಲೇ ಇರ್ತೀನಿ. ಬರಬಹುದಾ?

ತುಂಗಾತೀರದ ಗಿಟಾರ್
ಬನ್ನಿ, ಬನ್ನಿ. ದಾರಿ ಸಂದೇಶದಲ್ಲಿ ಕಳಿಸ್ತೀನಿ.

ಮಿಕ್ಸರ್ ಮುಂದೆ ಕೂರುವವ
ಅರ್ಥಿಂಗ್ ನೋಡಿಸೋವರೆಗೂ ಗಾಯಕಿ ಮೈಕ್ ಹಿಡಿಯೋದು ಬೇಡ. ಟೆಸ್ಟರ್ ತಗೊಂಡು ನಾನೂ ಶನಿವಾರವೇ ಬರ್ತೀನಿ, ನಾಲ್ಕು ಗಂಟೆಗೆ ಬಾಗಿಲು ತೆಗೆದಿರಿ.